ಅಜ್ಜ ತಟ್ಟಿ ಕೊಂಡ ಟೀವಿ

ಮನೆಯ ಟೀವಿಯಲ್ಲಿ ಗೇಮ್ ಆಡುವಾಗ ಬಟನ್ ಒತ್ತಿದರೆ ನನ್ನ ವೀರ ಮೊದಲು ಗುಂಡಿಗೆ ಬೀಳುತ್ತಾನೆ, ಜಿಗಿಯುವುದು ಆಮೇಲೆ. ಈ ರಾಷ್ಟ್ರೀಯ ಅವಮಾನ ತಾಳಲಾರದೆ ಇವತ್ತು ಕೈಗೆಟುಕುವ ಮಾನಿಟರ್ ಹುಡುಕುತ್ತ ಚಿತ್ರದುರ್ಗದ ಅಂಗಡಿಗೆ ಹೋದೆ. ಮಾನಿಟರಿನ ಡಬ್ಬಿ ಬಿಚ್ಚಿದಾಗ ಹೊಸ ಥರ್ಮಾಕೋಲಿನ ವಾಸನೆ ಬಂತು. ಆ ವಾಸನೆಗೆ ನಾನು ಸೀದಾ ಬಾಲ್ಯದ ಹೊಸದುರ್ಗದಲ್ಲಿ, ಅಜ್ಜನ ಪಕ್ಕದಲ್ಲಿದ್ದೆ.

ತೆಂಗಿನಕಾಯಿ ವ್ಯಾಪಾರದ ಅಜ್ಜ ಅವತ್ತು ನನ್ನನ್ನೂ ಕರಕೊಂಡು ಟೀವಿ ಕೊಳ್ಳಲು ಹೋಗಿ, ಕಾಯಿ ತಟ್ಟುವಂತೆ ಒಂದೊಂದನ್ನೂ ಬೆರಳಿನಿಂದ ತಟ್ಟಿ ಕಿವಿಗೊಟ್ಟರು.

“ಯಜಮಾನ್ರೇ, ಇದು ಕಾಯಲ್ಲ, ಟೀವಿ” ಎಂದು ಅಂಗಡಿಯವರು ನಕ್ಕರು.

“ಯಾವ್ದಾದ್ರೇನ್ರಿ, ನೋಡ್ದೆ ತಗಳ್ಳಲ್ಲ ನಾನು” ಎಂದ ಅಜ್ಜ ನನ್ನತ್ತ ತಿರುಗಿದರು. “ಲೇ, ನಿನ್ ಗೇಮ್ ಹಾಕ್ಕೊಂಡು ಇಲ್ಲೇ ಆಡ್ಲೇ. ಮನೆಗೆ ಹೋಗಿ ಗೊಳೋ ಅಂದ್ರೆ ಕೇಳಲ್ಲ.”

ಚೀಲದಲ್ಲಿ ತಂದಿದ್ದ ವಿಡಿಯೋ ಗೇಮ್ ಜೋಡಿಸಿ ಆಡಿದೆ. ಗಿರಾಕಿಗಳೆಲ್ಲ ವ್ಯಾಪಾರ ಬಿಟ್ಟು ನೋಡಿದರು. ಕೊನೆಗೆ ಅಜ್ಜ ಕಾಯಿಗೆ ಕೊಡುವ ತೀರ್ಪನ್ನೇ ಕೊಟ್ಟರು: “ಬಲ್ತೈತೆ. ಕಟ್ರಿ.”

ಇವತ್ತು ನಾನೂ ಬ್ಯಾಗಿನಿಂದ ಗೇಮ್ ಕನ್ಸೋಲ್ ತೆಗೆದು, ಇದ್ದುದರಲ್ಲೇ ಅಗ್ಗದ ಮಾನಿಟರಿಗೆ ಜೋಡಿಸಿದೆ.

“ಸಾರ್, ಈ ದೊಡ್ಡದು ನೋಡ್ರಿ, ಚೆನ್ನಾಗೈತೆ” ಎಂದ ಅಂಗಡಿಯ ಹುಡುಗ.

ನಾನು ಶಾಸ್ತ್ರೋಕ್ತವಾಗಿ ಅಗ್ಗದ್ದರ ಬೆನ್ನು ತಟ್ಟಿ, ಉಸಿರು ಹಿಡಿದು ಬಟನ್ ಒತ್ತಿದೆ. ಒತ್ತಿದ ಕ್ಷಣವೇ ವೀರ ಗುಂಡಿ ದಾಟಿ ಆಚೆ ನಿಂತಿದ್ದ.

“ಬಲ್ತೈತೆ,” ಎಂದೆ. “ಕಟ್ರಿ.”