ಎರೆಮಣ್ಣಿನಲ್ಲಿ ಓಡಿದ ಬೂಟು

ಮಹಾಯುದ್ಧ ಮುಗಿದು ರಬ್ಬರು ಮತ್ತೆ ಸಿಗತೊಡಗಿದ ಮೇಲೆ ಮೊದಲ ಸಲ ನನ್ನ ಅಂಗಡಿಗೆ ಓಟದ ಬೂಟುಗಳ ಪೆಟ್ಟಿಗೆ ಬಂದಿದೆ. ಮುಚ್ಚಳ ತೆಗೆದೊಡನೆ ಹೊಸ ರಬ್ಬರಿನ ವಾಸನೆ ಮೂಗಿಗೆ ಬಡಿಯಿತು. ವ್ಯಾಪಾರಿಯಾದವನು ಮೊದಲು ದರ ನೆನೆಯಬೇಕು. ನನಗೆ ಭೀಮಪ್ಪನ ನೆನಪಾಯಿತು.

ನೀವು ಬೂಟು ಕೊಳ್ಳುವವರಿದ್ದರೆ ಒಂದು ಮಾತು. ಅಂಗಡಿಯ ಜಮಖಾನದ ಮೇಲೆ ನಾಲ್ಕು ಹೆಜ್ಜೆ ನಡೆದು ತಲೆಯಾಡಿಸಬೇಡಿ. ಅಲ್ಲಿ ಎಲ್ಲ ಬೂಟುಗಳೂ ಒಳ್ಳೆಯವೇ. ತಳ ಮಡಚಿ ನೋಡಿ. ಲಾಡಿ ಕಟ್ಟದೆ ಓಡಿ ನೋಡಿ; ಹಿಮ್ಮಡಿ ಜಾರದಿದ್ದರೆ ಅಳತೆ ಸರಿ. ಬುಟ್ಟಿ ಹೊತ್ತು ಚಪ್ಪಲಿ ಮಾರುತ್ತ ಮೇಲೆ ಬಂದವನು ನಾನು. ಸಗಟು ವ್ಯಾಪಾರಿಯ ಹೊಗಳಿಕೆಗೆ ಕಿವಿಗೊಟ್ಟವನಲ್ಲ. ನೆರೆಮನೆಯ ಗೆಳೆಯ ಭೀಮಪ್ಪನನ್ನು ಅವನ ಮಳಿಗೆಗೆ ಕರೆದೊಯ್ದು, ಬೂಟು ಹಾಕಿಸಿ, ಬೀದಿಯಲ್ಲೇ ಓಡಿಸುತ್ತಿದ್ದೆ.

“ಬೂಟು ಕೊಳ್ಳಾಕ ಬಂದೀರೋ, ಕುದುರಿ ಕೊಳ್ಳಾಕ ಬಂದೀರೋ?” ಎಂದು ಆ ವ್ಯಾಪಾರಿ ರೇಗುತ್ತಿದ್ದ.

ಒಂದು ಮಳೆಗಾಲ ಮುಂಬಯಿಯ ಗಿರಣಿಯವರು ಹುಬ್ಬಳ್ಳಿಯಲ್ಲಿ ಓಟದ ಪಂದ್ಯವಿಟ್ಟರು. ಗೆದ್ದವನಿಗೆ ಗಿರಣಿಯಲ್ಲಿ ನೌಕರಿ. ಭೀಮಪ್ಪನ ಮದುವೆ ಆ ನೌಕರಿಗಾಗಿಯೇ ಕಾದು ನಿಂತಿತ್ತು. ಎಲ್ಲರೂ ತಳದಲ್ಲಿ ಆಳವಾದ ಗೆರೆಗಳಿದ್ದ ಬೂಟು ಹುಡುಕಿದರು. ನಾನು ಹೊಸ ಬೂಟಿನ ತಳವನ್ನು ಕಲ್ಲಿಗೆ ತಿಕ್ಕುತ್ತ ಕುಳಿತೆ.

“ಏ ಸಾವಕಾರ, ತಲಿ ಕೆಟ್ಟೈತೇನು?” ಎಂದ ಭೀಮಪ್ಪ.

“ಧಾರವಾಡದ ಕೆಂಪುಮಣ್ಣಲ್ಲೋ ಇದು. ಗೆರಿಯೊಳಗ ಈ ಅಂಟು ಎರಿಮಣ್ಣು ತುಂಬಿದ್ರ ಕಾಲಿಗೆ ಇಟ್ಟಂಗಿ ಕಟ್ಕೊಂಡಂಗ.”

“ಜಾರಿ ಬಿದ್ರ?”

“ಅರ್ಧ ತಿಕ್ಕೇನಿ, ಪೂರಾ ಅಲ್ಲ. ಓಡಿ ನೋಡು, ಆಮ್ಯಾಲ ಬೈ.”

ಹಸಿ ಹೊಲದಲ್ಲಿ ಓಡಿ ನೋಡಿದ. ಬೈಯಲಿಲ್ಲ.

ಪಂದ್ಯದ ದಿನವೂ ಮಳೆ. ಉಳಿದವರ ಬೂಟುಗಳಿಗೆ ಮಣ್ಣು ಮೆತ್ತಿ, ಅವರು ಕಾಲೆತ್ತಲಾರದಾದರು. ಭೀಮಪ್ಪನ ತಳದಿಂದ ಮಣ್ಣು ತುಂಡುತುಂಡಾಗಿ ಕಳಚಿ ಹಾರುತ್ತಿತ್ತು. ನಾನು ಅದನ್ನೇ ನೋಡುತ್ತ ನಿಂತಿದ್ದೆ. ಅವನು ಗೆದ್ದಾಗ, ನನ್ನ ಬೂಟು ಗೆದ್ದಿತೆಂದು ಕುಣಿದೆ. ಗೆದ್ದವನು ಊರು ಬಿಟ್ಟು ಹೋಗುತ್ತಾನೆಂಬುದು, ಲಾಭನಷ್ಟ ಬಲ್ಲ ಈ ತಲೆಗೆ ಅವನ ಗಾಡಿ ಹೊರಟಾಗಲೇ ಹೊಳೆದದ್ದು.

ಮದುವೆಯಾಗಿ ಅವನು ಮುಂಬಯಿಯವನೇ ಆದ. ಮೊದಮೊದಲು ರಜೆಗೆ ಬರುತ್ತಿದ್ದ; ಈಗ ಅದೂ ಇಲ್ಲ.

ಇಂದು ಪೆಟ್ಟಿಗೆಯ ಮುಂದೆ ಕುಳಿತು ಆ ಓಟವನ್ನು ನೆನೆದೆ. ಕಾಲು, ತಳ, ಹಾರುವ ಮಣ್ಣು, ಎಲ್ಲ ಸ್ಪಷ್ಟ. ಗೆಲ್ಲುವಾಗ ಅವನ ಮುಖ ಹೇಗಿತ್ತೆಂಬುದು ಮಾತ್ರ ಎಷ್ಟು ತಡಕಿದರೂ ಸಿಗುತ್ತಿಲ್ಲ. ಬೂಟು ಪರೀಕ್ಷಿಸಲು ಗೆಳೆಯನನ್ನು ಓಡಿಸುವವರಿದ್ದರೆ, ನಡುನಡುವೆ ತಲೆಯೆತ್ತಿ ಅವನನ್ನೂ ನೋಡಿ.