ಬೆಟ್ಟದ ಮೇಲೆ ಬೇಯದ ಬೇಳೆ

ಮಗಳು ನನ್ನ ಜೊತೆ ಮೌಂಟ್ ಕೆನ್ಯಾ ಹತ್ತಲು ಒಪ್ಪಿದ್ದೇ ದೊಡ್ಡದು. ನಾನೂ ಅವಳಮ್ಮನೂ ಬೇರೆಯಾಗಿ ನಾಲ್ಕು ವರ್ಷವಾಗಿತ್ತು. ಇಬ್ಬರ ಮನೆಯೂ ನೈರೋಬಿಯಲ್ಲೇ: ತಾಯಿ ಮಗಳು ಕಸರಾನಿಯ ಫ್ಲ್ಯಾಟಿನಲ್ಲಿ, ನಾನು ಲೊರೆಶೋದಲ್ಲಿ ಯಾರದೋ ದೊಡ್ಡ ಮನೆಯ ಹಿಂದಿನ ಒಂದೂವರೆ ಕೋಣೆಯಲ್ಲಿ. ಆ ನಾಲ್ಕು ವರ್ಷದಲ್ಲಿ ಬರುತ್ತೇನೆಂದು ಹೇಳಿ ನಾನು ಹೋಗದೇ ಉಳಿದದ್ದು ಎಷ್ಟು ಸಲವೋ. ಒಮ್ಮೆ ಟ್ಯೂಷನ್, ಒಮ್ಮೆ ಮಳೆ, ಒಮ್ಮೆ ಟ್ರಾಫಿಕ್ ಜಾಮ್. ಶಾಲಾ ಮೇಷ್ಟ್ರಿಗೆ ನೆಪಗಳಿಗೇನು ಕೊರತೆ, ದಿನವೂ ಮಕ್ಕಳ ಬಾಯಲ್ಲಿ ಹೊಸ ಹೊಸದು ಕೇಳುತ್ತಿರುತ್ತೇನೆ. ಹತ್ತೊಂಬತ್ತು ತುಂಬಿದ ಮೇಲೆ ಅವಳು ನನ್ನ ಫೋನ್ ಎತ್ತುವುದನ್ನೇ ಬಹುಮಟ್ಟಿಗೆ ಬಿಟ್ಟಳು. ಮಗಳು ಕೈತಪ್ಪಿ ಹೋಗುತ್ತಿದ್ದಾಳೆ ಎಂದು ನನಗೆ ನಿಜಕ್ಕೂ ಹೆದರಿಕೆಯಾದದ್ದು ಆಗ.

ಅವಳಿಗೆ ಬೆಟ್ಟ ಹತ್ತುವ ಹುಚ್ಚು. ನಾನೂ ಬರುತ್ತೇನೆ, ಇಬ್ಬರೇ ಹೋಗೋಣ ಎಂದು ಮೆಸೇಜ್ ಹಾಕಿದೆ. ಒಂದು ದಿನ ಬಿಟ್ಟು ಉತ್ತರ ಬಂತು. 'ಓಕೆ. ಟೂ ನೈಟ್ಸ್. ಟೆಂಟ್, ಸ್ಟವ್ ನಂದು. ಫುಡ್ ನಿಂದು. ಎರಡು ಕೇಜಿ ಮೀರಬಾರದು. ಗ್ಯಾಸ್ ಒಂದೇ ಡಬ್ಬಿ. ಆಂಡ್ ಪ್ಲೀಸ್ ಅಪ್ಪ, ಕುಕ್ಕರ್ ತರಬೇಡ.' ಕೊನೆಗೊಂದು ನಗುವ ಮುಖ. ಆ ನಗುವ ಮುಖವನ್ನು ನಾನು ಎಷ್ಟು ಸಲ ನೋಡಿದೆನೋ ದೇವರಿಗೇ ಗೊತ್ತು.

ಮೊದಲು ಒಂದು ಮಾಲಿನ ಕ್ಯಾಂಪಿಂಗ್ ಅಂಗಡಿಗೆ ಹೋದೆ. ಬಿಸಿನೀರು ಹಾಕಿದರೆ ಊಟವಾಗುವ ಪೊಟ್ಟಣಗಳು ಅಲ್ಲಿದ್ದವು, ಹತ್ತಿಯಷ್ಟು ಹಗುರ. ಬೆಲೆ ನೋಡಿ ಮೆಲ್ಲಗೆ ವಾಪಸ್ ಇಟ್ಟೆ. ಒಂದು ಹೊತ್ತಿನ ದುಡ್ಡಲ್ಲಿ ನನಗೆ ಒಂದು ವಾರದ ತರಕಾರಿ ಬರುತ್ತಿತ್ತು. ಅಲ್ಲಿಂದ ಮಟಾಟು ವ್ಯಾನು ಹಿಡಿದು ಎನ್‌ಗಾರಾಕ್ಕೆ, ನಾವೆಲ್ಲ ಬೇಳೆಕಾಳು ತರುವ ಗುಜರಾತಿ ಅಂಗಡಿಗೆ ಹೋದೆ. ಅಂಗಡಿಯಾಕೆಗೆ ನನ್ನ ಪರಿಚಯ ಹಳೆಯದು. ಬೆಟ್ಟಕ್ಕೆ ಎಂದ ಕೂಡಲೇ, 'ಥೇಪ್ಲಾ ಒಯ್ಯಿರಿ ಮಾಸ್ಟರ್‌ಜಿ, ಒಲೆಯೇ ಬೇಡ, ಮೂರು ದಿನ ಕೆಡಲ್ಲ' ಎಂದರು. ನಾನು ಮೂಗು ಮುರಿದೆ. ಮಗಳ ಜೊತೆ ಮೊದಲ ಸಲ ಹೋಗುತ್ತಿದ್ದೇನೆ, ತಣ್ಣಗಿನ ರೊಟ್ಟಿ ತಿನ್ನಿಸಬೇಕೇ? ನನ್ನ ತಲೆಯಲ್ಲಿ ಆಗಲೇ ಬಿಸಿಬೇಳೆಬಾತ್ ಕೂತುಬಿಟ್ಟಿತ್ತು.

ಅವಳು ಎಂಟು ವರ್ಷದವಳಿದ್ದಾಗ ಬಿಸಿಬೇಳೆಬಾತ್ ಎಂದರೆ ಪ್ರಾಣ ಬಿಡುತ್ತಿದ್ದಳು. ತಟ್ಟೆಯ ಸುತ್ತ ಆಲೂಗಡ್ಡೆ ಚಿಪ್ಸ್ ಚುಚ್ಚಿ ಕೋಟೆ ಕಟ್ಟಿ, ಒಂದೊಂದೇ ಕಿತ್ತು ತಿನ್ನುತ್ತ, 'ಅಪ್ಪಾ, ಅಟ್ಯಾಕ್!' ಎನ್ನುತ್ತಿದ್ದಳು. ಈಗ ಅವಳು ಏನು ತಿನ್ನುತ್ತಾಳೆಂದು ನನಗೆ ಗೊತ್ತಿರಲಿಲ್ಲ. ಕೇಳಬಹುದಿತ್ತು. ಕೇಳಲಿಲ್ಲ.

ಅಕ್ಕಿ, ತೊಗರಿಬೇಳೆ ಹುರಿದೆ. ಒಣಕೊಬ್ಬರಿ, ಕಡಲೇಕಾಯಿ, ಬಿಸಿಬೇಳೆಬಾತಿನ ಪುಡಿ, ಉಪ್ಪು, ಒಣಗಿಸಿ ಪುಡಿ ಮಾಡಿದ ಹುಣಿಸೆಹಣ್ಣು ಎಲ್ಲವನ್ನೂ ಬೆರೆಸಿ, ಹೊತ್ತಿಗೊಂದರಂತೆ ಪೊಟ್ಟಣ ಕಟ್ಟಿದೆ. ಎಲ್ಲ ಸೇರಿ ಎರಡು ಕೇಜಿಗೆ ಸ್ವಲ್ಪ ಕಡಿಮೆಯೇ. ಖರ್ಚೂ ಜುಜುಬಿ. ಮೇಷ್ಟ್ರಲ್ಲವೇ, ಪರೀಕ್ಷೆ ಮಾಡದೆ ಬಿಡುತ್ತೇನೆಯೇ? ಒಂದು ಪೊಟ್ಟಣ ಕುಕ್ಕರಿಗೆ ಸುರಿದು ಐದು ಸೀಟಿ ಕೂಗಿಸಿದೆ. ಬೆಣ್ಣೆಯ ಹಾಗೆ ಬೆಂದಿತ್ತು. ಭೇಷ್ ಎಂದು ನನಗೆ ನಾನೇ ಹೇಳಿಕೊಂಡು, ಕುಕ್ಕರನ್ನು ತೊಳೆದು ಕಪಾಟಿನಲ್ಲಿಟ್ಟು ಬೆಟ್ಟಕ್ಕೆ ಹೊರಟೆ. ಇಂಥ ದಡ್ಡತನ ಜೀವಮಾನದಲ್ಲಿ ಕುಕ್ಕರಿಲ್ಲದೆ ಬೇಳೆ ಬೇಯಿಸದ ನಮ್ಮಂಥವರಿಗೆ ಮಾತ್ರ ಸಾಧ್ಯ.

ಬಸ್ ನಿಲ್ದಾಣಕ್ಕೆ ಅವಳಿಗಿಂತ ಅರ್ಧ ಗಂಟೆ ಮೊದಲೇ ಹೋಗಿ ನಿಂತಿದ್ದೆ. ನನ್ನನ್ನು ಕಂಡು ಅವಳ ಮುಖದಲ್ಲಿ ಏನೋ ಹಾದುಹೋಯಿತು. ಖುಷಿ ಎಂದುಕೊಂಡೆ. ಬೆಟ್ಟದ ಬುಡದ ನಾನ್ಯುಕಿಯವರೆಗೆ ಅವಳು ಕಿಟಕಿಯ ಕಡೆಗೆ ನೋಡುತ್ತ, ನನ್ನ ಕನ್ನಡದ ಮಾತಿಗೆಲ್ಲ ಇಂಗ್ಲಿಷಿನಲ್ಲಿ ಒಂದೊಂದು ಪದದ ಉತ್ತರ ಕೊಟ್ಟಳು. ನಡೆಯಲು ಶುರುಮಾಡಿದ ಮೇಲೆ ಸ್ವಲ್ಪ ಸಡಿಲವಾದಳು. ನನ್ನ ಬ್ಯಾಗಿನ ಪಟ್ಟಿ ಬಿಗಿಮಾಡಿ, 'ಸ್ಲೋ ಆಗಿ ಹತ್ತು ಅಪ್ಪ, ಹೀರೋ ಆಗಬೇಡ' ಎಂದಳು. ಆ ಮಧ್ಯಾಹ್ನ ನಾನು ಸುಖವಾಗಿದ್ದೆ, ಸುಳ್ಳೇಕೆ ಹೇಳಲಿ.

ಸಂಜೆ ಐದಕ್ಕೆ ಮೇಲಿನ ಶಿಬಿರದಲ್ಲಿ ಟೆಂಟ್ ಹಾಕಿದೆವು. ಗಾಳಿ ಮೂಳೆ ಕೊರೆಯುತ್ತಿತ್ತು. 'ನೀನು ಕೂತ್ಕೋ ಪುಟ್ಟಿ, ಇವತ್ತು ಅಪ್ಪನ ಅಡುಗೆ' ಎಂದು ಪುಟ್ಟ ಸ್ಟವ್ ಹಚ್ಚಿ ಪಾತ್ರೆ ಇಟ್ಟೆ. ನೀರು ಬೇಗನೇ ಕುದಿಯಿತು, ಘಮ್ಮೆಂದು ವಾಸನೆ ಬಂತು. ಅವಳು ಒಂದು ಕ್ಷಣ ಕಣ್ಣರಳಿಸಿ, 'ಬಿಸಿಬೇಳೆಬಾತ್?' ಎಂದಳು. ಅದೊಂದೇ ಕ್ಷಣ.

ಅರ್ಧ ಗಂಟೆಯಾಯಿತು. ಅಕ್ಕಿ ಅರೆಬರೆ ಬೆಂದಿತ್ತು, ಬೇಳೆ ಹಾಗೇ ಕಲ್ಲು. ಮತ್ತೆ ನೀರು ಸುರಿದೆ. ನಮಗೆ ದಾರಿ ತೋರಿಸಲು ಬಂದಿದ್ದ ಗೈಡ್ ತನ್ನ ಉಗಾಲಿ ಮುದ್ದೆ ಮುಗಿಸಿ ಕೈ ಒರೆಸಿಕೊಳ್ಳುತ್ತ ಪಾತ್ರೆಗೆ ಇಣುಕಿದ. 'ಇಷ್ಟು ಎತ್ತರದಲ್ಲಿ ನೀರಿಗೆ ಅಷ್ಟು ಬಿಸಿಯೇ ಏರಲ್ಲ. ಕಾಳು ಬೇಯಲ್ಲ, ಪೋಲೆ ಸಾನಾ' ಎಂದು ಕನಿಕರ ತೋರಿ ಹೋದ. ವಿಜ್ಞಾನದ ಮೇಷ್ಟ್ರಿಗೆ ಗೈಡ್ ಪಾಠ ಹೇಳಿದ! ಪ್ರತಿ ವರ್ಷ ಬೋರ್ಡಿನ ಮೇಲೆ ನಾನೇ ಬರೆಯುವ ವಿಷಯ. ನಾನು ಹಟ ಹಿಡಿದು ಕಲಕುತ್ತಲೇ ಇದ್ದೆ. ಕೊನೆಗೆ ಸ್ಟವ್ ಒಮ್ಮೆ ಬುಸ್ಸೆಂದು ಆರಿಹೋಯಿತು. ಎರಡು ರಾತ್ರಿಯ ಗ್ಯಾಸ್ ಅಷ್ಟೂ ಖಾಲಿ.

'ನೀನು ಹುಣಿಸೆಹಣ್ಣು ಮೊದಲೇ ಹಾಕಿದ್ಯಾ?' ಮಗಳು ಕೇಳಿದಳು. ಅಪರೂಪಕ್ಕೆ ಪೂರ್ತಿ ಕನ್ನಡ.

'ಹೂಂ.'

'ಹುಳಿ ಹಾಕಿದ್ರೆ ಬೇಳೆ ಬೇಯಲ್ಲ ಅಪ್ಪ. ಅಮ್ಮ ಲಾಸ್ಟಲ್ಲಿ ಹಾಕ್ತಾಳೆ.'

ಹದಿನೆಂಟು ವರ್ಷ ಅವಳಮ್ಮನ ಅಡುಗೆಮನೆಯ ಬಾಗಿಲಲ್ಲಿ ಕೂತು ಪೇಪರ್ ಓದಿದ್ದೆ. ಹುಳಿ ಯಾವಾಗ ಬೀಳುತ್ತದೆಂದು ಒಂದು ದಿನವೂ ತಲೆಯೆತ್ತಿ ನೋಡಿರಲಿಲ್ಲ.

ಅವಳು ಬೈಯಲಿಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. 'ಇಟ್ಸ್ ಓಕೆ' ಎಂದು ತನ್ನ ಬ್ಯಾಗಿನ ತಳಕ್ಕೆ ಕೈ ಹಾಕಿ ನಾಲ್ಕೈದು ಪೊಟ್ಟಣ ತೆಗೆದಳು. ಗೊಜ್ಜವಲಕ್ಕಿ. ಅವಲಕ್ಕಿಯನ್ನು ತರಿತರಿಯಾಗಿ ಪುಡಿಮಾಡಿ, ಹುಳಿ ಬೆಲ್ಲ ಖಾರ ಎಲ್ಲ ಬೆರೆಸಿದ್ದು. ತಣ್ಣೀರು ಹಾಕಿ ಹತ್ತು ನಿಮಿಷ ಬಿಟ್ಟರೆ ಸಾಕು. ಪ್ರತಿಯೊಂದರ ಮೇಲೂ ಅವಳಮ್ಮನ ದುಂಡಗಿನ ಅಕ್ಷರ: ಶನಿವಾರ ರಾತ್ರಿ, ಭಾನುವಾರ ಬೆಳಿಗ್ಗೆ, ಭಾನುವಾರ ಮಧ್ಯಾಹ್ನ, ಹೀಗೆ.

'ಅಮ್ಮಂಗೆ ನನ್ನ ಅಡುಗೆ ಮೇಲೆ ಅಷ್ಟೂ ನಂಬಿಕೆ ಇಲ್ವಾ?' ಎಂದು ನಗಲು ನೋಡಿದೆ.

ಅವಳು ಶನಿವಾರದ ಪೊಟ್ಟಣ ಬಿಚ್ಚಿದಳು. ಅದು ತೀರಾ ಚಿಕ್ಕದು, ಒಬ್ಬರ ಹೊಟ್ಟೆಗಾಗುವಷ್ಟು. ಉಳಿದವೂ ಅಷ್ಟಷ್ಟೇ.

'ಇದು ಒಬ್ಬರಿಗಲ್ವಾ?' ಎಂದೆ.

'ನೀನು ಬರಲ್ಲ ಅಂದ್ಕೊಂಡಿದ್ವಿ ಅಪ್ಪ.' ಧ್ವನಿಯಲ್ಲಿ ಸಿಟ್ಟಿಲ್ಲ, ಕೊಂಕಿಲ್ಲ. 'ಅದಕ್ಕೇ ಒಂದು ಜನಕ್ಕೆ ಪ್ಯಾಕ್ ಮಾಡಿದ್ವಿ.'

'ಬರ್ತೀನಿ ಅಂತ ಹೇಳಿದ್ದೆನಲ್ಲ ಪುಟ್ಟಿ.'

'ಯೂ ಆಲ್ವೇಸ್ ಸೇ ದಟ್.'

ನೀರು ಹಾಕಿ, ನೆನೆದ ಮೇಲೆ ಎರಡು ಪಾಲು ಮಾಡಿ, ದೊಡ್ಡ ಪಾಲನ್ನು ನನ್ನ ಕಡೆಗೆ ತಳ್ಳಿದಳು. ಬೇಡವೆಂದರೂ ಕೇಳಲಿಲ್ಲ. ನಾಲ್ಕು ವರ್ಷದ ಮೇಲೆ ಅವಳಮ್ಮನ ಕೈರುಚಿ. ಪೂರ್ತಿ ತಿಂದೆ.

ಒಬ್ಬರ ಊಟದಲ್ಲಿ ಇಬ್ಬರು ಇನ್ನೆರಡು ದಿನ ನಡೆಯುವುದು ಆಗದ ಮಾತು. ಬೆಳಿಗ್ಗೆ ಇಳಿದುಬಿಟ್ಟೆವು. ಅವಳು ನೋಡಬೇಕೆಂದಿದ್ದ ಶಿಖರ ಹಿಂದೆ ಬಿಸಿಲಿಗೆ ಫಳಫಳ ಹೊಳೆಯುತ್ತಿತ್ತು, ಅವಳು ತಿರುಗಿ ಎರಡು ಸಲ ನೋಡಿದಳು. ನೈರೋಬಿಯಲ್ಲಿ ಬಸ್ ಇಳಿದು, ಕಸರಾನಿಯ ಮಟಾಟು ಹತ್ತುವ ಮುಂಚೆ ನನ್ನನ್ನು ಅರೆ ಅಪ್ಪುಗೆಯಲ್ಲಿ ಅಪ್ಪಿದಳು. 'ಮುಂದಿನ ಸಲ...' ಎಂದು ನಾನು ಶುರುಮಾಡಿದೆ. 'ಶ್ಯೂರ್ ಅಪ್ಪ' ಎಂದಳು, ನನ್ನ ಮಾತು ಮುಗಿಯುವ ಮೊದಲೇ. ಆಮೇಲೆ ಅವಳು ಮತ್ತೆ ಅಂಥ ಹಲವು ಬೆಟ್ಟ ಹತ್ತಿದಳಂತೆ. ಫೋಟೋ ನೋಡಿದ್ದೇನೆ. ನನ್ನನ್ನು ಕರೆಯಲಿಲ್ಲ.

ಬೆಟ್ಟದಿಂದ ಇಳಿದ ಆ ಸಂಜೆ ಲೊರೆಶೋಗೆ ಬಂದು, ಉಳಿದ ಪೊಟ್ಟಣಗಳಲ್ಲಿ ಒಂದನ್ನು ಕುಕ್ಕರಿಗೆ ಸುರಿದೆ. ಐದು ಸೀಟಿ ಕೂಗಿತು. ಬೇಳೆ ಚೆನ್ನಾಗಿ ಬೆಂದಿತ್ತು, ಇಬ್ಬರಿಗೆ ಸಾಕಾಗುವಷ್ಟು.