ನಿನ್ನೆಯ ಒಂದು ವಾಕ್ಯ

ಪುಣೆಯ ಆ ಸ್ಪ್ಯಾನಿಶ್ ಕ್ಲಾಸಿಗೆ ನಾವೆಲ್ಲ ಖರಾಡಿಯ ಆಫೀಸುಗಳಿಂದ ಕೆಲಸದ ಸಲುವಾಗಿ ಬರುತ್ತಿದ್ದೆವು. ನನ್ನ ಬೆಂಚಿನಲ್ಲಿ ಕೂರುತ್ತಿದ್ದ ನಿವೃತ್ತ ಗುಮಾಸ್ತರಿಗೆ ಮಾತ್ರ ಅಂಥ ಕಾರಣವಿರಲಿಲ್ಲ. ಬಿಜಾಪುರದ ಕಡೆಯವರು. ಯಾಕೆ ಸೇರಿದಿರಿ ಎಂದು ಕೇಳಿದ್ದಕ್ಕೆ, "ಸಂಜೀ ಹೊತ್ತಿಗೆ ಇದೊಂದ ಕ್ಲಾಸ್ ಇತ್ರಿ," ಎಂದಿದ್ದರು. ಕುತ್ತಿಗೆಯವರೆಗೂ ಗುಂಡಿ ಹಾಕಿದ ಇಸ್ತ್ರಿ ಅಂಗಿ. ಕಿಟಕಿ ತೆರೆಯಬೇಕಾದರೂ, ಪೆನ್ಸಿಲಿನಲ್ಲಿ ಬರೆಯಬೇಕಾದರೂ ಒಂದೇ ಪ್ರಶ್ನೆ: "ನಡೀತದೇನ್ರಿ?"

ಒಂದು ಸೋಮವಾರ ಟೀಚರ್ 'ಮಾತಾಡು' ಎಂಬ ಕ್ರಿಯಾಪದದ ಭೂತಕಾಲ ಹೇಳಿಕೊಟ್ಟರು. ಆಬ್ಲೇ, ಆಬ್ಲಾಸ್ತೆ, ಆಬ್ಲೋ: ನಾನು ಮಾತಾಡಿದೆ, ನೀನು ಮಾತಾಡಿದೆ, ಅವನು ಮಾತಾಡಿದ. ನಾವು ಒಟ್ಟಿಗೆ ಹೇಳುವಾಗ ಎಲ್ಲರಿಗಿಂತ ಜೋರಾಗಿ ಗುಮಾಸ್ತರದೇ ದನಿ. ಆಮೇಲೆ, ನಿನ್ನೆ ಯಾರೊಂದಿಗೆ ಮಾತಾಡಿದಿರಿ ಎಂದು ಒಂದು ವಾಕ್ಯ ಬರೆಯಬೇಕಿತ್ತು. ನಾನು ಫೋನಿನಲ್ಲಿ ಅಮ್ಮನೊಂದಿಗೆ ಎಂದು ಬರೆದು ಮುಗಿಸಿದೆ. ಇವರ ಪೆನ್ಸಿಲ್ ಹಾಳೆಯ ಮೇಲೆ ನಿಂತೇ ಇತ್ತು. ಕೊನೆಗೆ ನನ್ನ ಕಡೆ ಬಾಗಿ ಪಿಸುಗುಟ್ಟಿದರು.

"ನಿನ್ನಿ ರವಿವಾರ ಇತ್ರಿ. ಯಾರ ಜೋಡೀನೂ ಮಾತಾಡಿಲ್ಲ. ಸುಳ್ಳ ಬರದ್ರ ನಡೀತದೇನ್ರಿ?"

"ನಡೀತದ್ರಿ," ಎಂದೆ.

ಆದರೂ ಅವರು ಏನೂ ಬರೆಯಲಿಲ್ಲ.

ಮರುದಿನ ಪಾಠ ಶುರುವಾಗುವ ಮೊದಲೇ ಎದ್ದು ನಿಂತರು. ನನ್ನತ್ತ ಕೈ ತೋರಿಸಿ, ಒಂದೂ ತಪ್ಪಿಲ್ಲದ ಸ್ಪ್ಯಾನಿಶ್‌ನಲ್ಲಿ, ನಿನ್ನೆ ನಾನು ಇವರೊಂದಿಗೆ ಮಾತಾಡಿದೆ ಎಂದರು. ಟೀಚರ್ ಭೇಷ್ ಎಂದರು. ಕುಳಿತ ಮೇಲೆ ಮೆಲ್ಲಗೆ ನನ್ನನ್ನೇ ಕೇಳಿದರು, "ಇದು ಖರೇನ ಅದಲ್ರಿ?"

ಹೌದು ಎಂದೆ. ಹಿಂದಿನ ದಿನ ನಾನು ಅವರಿಗೆ ಹೇಳಿದ್ದು 'ನಡೀತದ್ರಿ' ಎಂಬ ಒಂದೇ ಮಾತು.